ನಾಲ್ಕು ಮೊಳ ಟ್ಯೂಬು, ಒಂದು ಮುಳ್ಳು

ನಾನು ಒಂದು ಸೈಕಲ್ ಟ್ಯೂಬು. ಈಗ ಎಷ್ಟು ಉಳಿದಿದ್ದೇನೆ ಎನ್ನುವುದನ್ನು ಆಮೇಲೆ ಹೇಳುತ್ತೇನೆ. ಹುಟ್ಟಿದಾಗ ನಾಲ್ಕು ಮೊಳ ಇದ್ದೆ. ಕಾರ್ಖಾನೆಯಲ್ಲಿ ಬಿಸಿ ಅಚ್ಚಿನಿಂದ ತೆಗೆದು, ಮೊದಲ ಸಲ ಗಾಳಿ ತುಂಬಿ, ನೀರಿನ ತೊಟ್ಟಿಯಲ್ಲಿ ಮುಳುಗಿಸಿದರು. ಒಂದು ಗುಳ್ಳೆಯೂ ಬರಲಿಲ್ಲ. ಪರೀಕ್ಷೆ ಮಾಡುತ್ತಿದ್ದ ಹೆಂಗಸು ನನ್ನ ಬೆನ್ನು ತಟ್ಟಿ, "ಇಂಥದ್ದು ನೂರಕ್ಕೊಂದು" ಎಂದಳು. ಆಕೆ ಎಲ್ಲ ಟ್ಯೂಬುಗಳಿಗೂ ಹಾಗೇ ಹೇಳುತ್ತಿದ್ದಳು ಎಂಬ ಮಾತಿದೆ. ನಾನು ಅದನ್ನು ನಂಬುವುದಿಲ್ಲ.

ನನ್ನ ಮೊದಲ ಯಜಮಾನ ಧಾರವಾಡದ ಬ್ಯಾಂಡ್ ಕಂಪನಿಯಲ್ಲಿ ದೊಡ್ಡ ಡೋಲು ಬಾರಿಸುವ ಫಕೀರಪ್ಪ. ಅವನ ತೂಕ, ಡೋಲಿನ ತೂಕ, ಮದುವೆ ಮನೆಯಲ್ಲಿ ಉಂಡ ಹೋಳಿಗೆಯ ತೂಕ, ಮೂರನ್ನೂ ಹನ್ನೊಂದು ವರ್ಷ ಹೊತ್ತೆ. ಒಂದು ಸಲ ಗಾಳಿ ತುಂಬಿದರೆ ಮುಂದಿನ ಯುಗಾದಿವರೆಗೆ ನಾನು ಪಂಪು ಕೇಳಿದವನಲ್ಲ. ಮೈಮೇಲೆ ಏಳು ತೇಪೆ ಬಿದ್ದವು. ಏಳನ್ನೂ ಹಚ್ಚಿದವನು ಒಬ್ಬನೇ, ಪಂಕ್ಚರ್ ಅಂಗಡಿಯ ಮಕ್ತುಮಸಾಬ.

ಎಂಟನೆಯ ಸಲ ಮಕ್ತುಮಸಾಬ ನನ್ನನ್ನು ಹಿಂದೆ ಮುಂದೆ ತಿರುವಿ ನೋಡಿ, "ಫಕೀರಪ್ಪಾ, ಇದಕ್ಕ ತ್ಯಾಪಿ ಹಚ್ಚಾಕ ಇನ್ನ ಜಾಗಾನೇ ಉಳದಿಲ್ಲೋ" ಎಂದು ಗೋಡೆಯ ಮೊಳೆಗೆ ತೂಗುಹಾಕಿದ. ಹಳೆಯ ಟ್ಯೂಬಿನ ಗತಿ ಎಲ್ಲರಿಗೂ ಗೊತ್ತು. ಕತ್ತರಿಸಿ, ಉಜ್ಜಿ, ಸೊಲೂಷನ್ ಸವರಿ, ಇನ್ನೊಬ್ಬರ ತೂತು ಮುಚ್ಚಲು ಅಂಟಿಸುತ್ತಾರೆ. ನಾನು ದಿನಾ ಕತ್ತರಿಯನ್ನೇ ನೋಡುತ್ತ ಕಾದೆ. ಬಂದದ್ದು ಬೇರೆಯೇ.

ಪ್ರತಿ ಭಾನುವಾರ ಅಂಗಡಿಗೆ ನೀಲಕ್ಕ ಬರುತ್ತಿದ್ದಳು. ಸರ್ಕಾರಿ ಶಾಲೆಯಲ್ಲಿ ಮಕ್ಕಳಿಗೆ ಆಟ ಕಲಿಸುವ ಟೀಚರು, ವಯಸ್ಸು ನಲವತ್ತಾರು. ಮಕ್ತುಮಸಾಬನಿಗೆ ಐವತ್ತೆರಡು. ಇಬ್ಬರೂ ಸೈಕಲ್ ಏರಿ ಕಲಘಟಗಿಯವರೆಗೆ ಹೋಗಿ, ಮಿರ್ಚಿ ಭಜಿ ತಿಂದು ಬರುತ್ತಿದ್ದರು. ಅವರ ಜೊತೆಗೆ ಮೂರನೆಯವನು ಬಸ್ತ್ಯಾಂವ ಸಿದ್ದಿ. ದಾಂಡೇಲಿಯಲ್ಲಿ ಪ್ರವಾಸಿಗರಿಗೆ ದೋಣಿ ನಡೆಸುವವನು. ದಿನಕ್ಕೆ ನಾಲ್ಕು ಮಾತು ಆಡುತ್ತಾನೆ, ಅದರಲ್ಲಿ ಎರಡು ನೀರಿಗೆ.

ಈ ಮೂವರಿಗೂ ಒಂದೇ ಹುಚ್ಚು. ದಾಂಡೇಲಿಯ ಕಾಡಿನಲ್ಲಿ ವರ್ಷಕ್ಕೊಮ್ಮೆ ಒಂದು ಪಂದ್ಯ ನಡೆಯುತ್ತದೆ. ಬೆಳಗ್ಗೆ ಆರಕ್ಕೆ ಹೊರಟು ಕಾಡಿನಲ್ಲಿ ಓಡಬೇಕು, ಆಮೇಲೆ ಕಾಳಿ ನದಿಯಲ್ಲಿ ದೋಣಿ ಹುಟ್ಟು ಹಾಕಬೇಕು, ಕೊನೆಗೆ ಮಣ್ಣುದಾರಿಯಲ್ಲಿ ಸೈಕಲ್ ತುಳಿಯಬೇಕು. ಸಂಜೆ ಐದರೊಳಗೆ ಒಂದು ಶಾಲೆಯ ಮೈದಾನ ಮುಟ್ಟಬೇಕು. ತಂಡದ ಮೂವರೂ ಕೂಡಿಯೇ ಗೆರೆ ದಾಟಬೇಕು. ಒಬ್ಬರು ನೂರು ಹೆಜ್ಜೆ ಹಿಂದುಳಿದರೂ ತಂಡ ಹೊರಗೆ. ಆದರೆ ದಣಿದವರನ್ನು ಗಟ್ಟಿಯಿದ್ದವರು ಹಗ್ಗ ಕಟ್ಟಿ ಎಳೆಯಬಹುದು.

ಎರಡು ವರ್ಷ ಹೋಗಿ ಎರಡು ವರ್ಷವೂ ತಡವಾಗಿ ಮುಟ್ಟಿದ್ದರು. ಕಾರಣ ಕಾಡಲ್ಲ, ನದಿಯಲ್ಲ. ಮೊದಲ ವರ್ಷ ಎರಡು ಪಂಕ್ಚರ್, ಎರಡನೇ ವರ್ಷ ಐದು. ಎಲ್ಲವೂ ಬೇರೆ ತಂಡದವರವು. ಮಕ್ತುಮಸಾಬನಿಗೆ ಕೆಲಸ ಕಲಿಸಿದ ಉಸ್ತಾದ ಒಂದು ಮಾತು ಹೇಳಿಕೊಟ್ಟಿದ್ದ: "ಪಂಕ್ಚರ್ ಆದಾವನ್ನ ದಾಟಿ ಹೋದ್ರ ಗಾಲಿ ತಿರಗತೈತಿ, ದಾರಿ ಸರಿಯೂದಿಲ್ಲ." ನಿಂತ ಸೈಕಲ್ ಕಂಡರೆ ಇವನ ಕಾಲು ತಾನಾಗಿ ನೆಲಕ್ಕೆ ಇಳಿಯುತ್ತಿತ್ತು.

ಮೂರನೆಯ ವರ್ಷ ನೀಲಕ್ಕ ಅಂಗಡಿಗೆ ಬಂದವಳು ಸ್ಟೂಲಿನ ಮೇಲೆ ಕೂತು ಮೊಣಕಾಲು ಒತ್ತಿಕೊಂಡಳು.

"ಡಾಕ್ಟರ್ ಹೇಳಿಬಿಟ್ಟಾರ ಮಕ್ತುಮಣ್ಣ. ಬ್ಯಾಸಗಿ ಸೂಟಿಯೊಳಗ ಆಪರೇಶನ್. ಆಮ್ಯಾಲ ಓಡೂದು ಬಂದ್."

"ಹಂಗಾರ ಈ ಸಲ ಬ್ಯಾಡ ಬಿಡ್ರಿ ಅಕ್ಕಾರ."

"ಈ ಸಲಾನೇ ಬೇಕು. ಹುಡುಗ್ರಿಗೆ ಇಪ್ಪತ್ತು ವರ್ಷ ಆತು ಹೇಳಾಕತ್ತು, ಹಿಡದದ್ದು ಮುಗಸ್ರಿ ಅಂತ. ನಾ ಒಂದೂ ಮುಗಿಸಿಲ್ಲ. ಒಂದ ಸಲ ಆ ಗೆರಿ ಟೈಮಿನ್ಯಾಗ ದಾಟಬೇಕು. ಈ ಸಲ ನೀ ಯಾರ ಗಾಲೀನೂ ನೋಡಂಗಿಲ್ಲ. ಆಣಿ ಮಾಡು."

ಮಕ್ತುಮಸಾಬ ಪಂಪಿನ ಮೇಲೆ ಕೈಯಿಟ್ಟು ಆಣೆ ಮಾಡಿದ. ಆಮೇಲೆ ಆಕೆಯನ್ನು ಎಳೆಯಲು ಏನಾದರೂ ಬೇಕಲ್ಲ ಎಂದು ಗೋಡೆ ನೋಡಿದ. ಹಗ್ಗ ಜಗ್ಗಿದರೆ ಸೊಂಟ ಮುರಿಯುತ್ತದೆ. ರಬ್ಬರು ಮೆತ್ತಗೆ ಎಳೆಯುತ್ತದೆ. ನನ್ನನ್ನು ಮೊಳೆಯಿಂದ ಇಳಿಸಿ, ಒಂದು ಕಡೆ ಕತ್ತರಿಸಿ ಉದ್ದ ಮಾಡಿದ. ಹೀಗೆ ಗಾಳಿಯ ಕೆಲಸ ಹೋಗಿ ಎಳೆತದ ಕೆಲಸ ಸಿಕ್ಕಿತು.

ಗಾಳಿ ತುಂಬಿಕೊಂಡು ಬದುಕುವುದು ಒಂದು ಬಗೆ. ಎರಡು ಕಡೆಯಿಂದ ಇಬ್ಬರು ಹಿಡಿದು ಎಳೆಯುವಾಗ ಬದುಕುವುದು ಇನ್ನೊಂದು. ಕಾಡಿನ ಏರಿನಲ್ಲಿ ನನ್ನ ಒಂದು ತುದಿ ಮಕ್ತುಮಸಾಬನ ಸೊಂಟದಲ್ಲಿ, ಇನ್ನೊಂದು ನೀಲಕ್ಕನ ಸೊಂಟದಲ್ಲಿ. ಆಕೆಯ ಮೊಣಕಾಲು ನೊಂದಾಗ ಆಕೆ ಬಾಯಿ ಬಿಡುವ ಮೊದಲೇ ನನಗೆ ತಿಳಿಯುತ್ತಿತ್ತು, ನಾನು ಅವನಿಗೆ ತಿಳಿಸುತ್ತಿದ್ದೆ. ಅವನು ಒಂದು ಹೆಜ್ಜೆ ನಿಧಾನ ಮಾಡುತ್ತಿದ್ದ. ಮಾತೇ ಬೇಕಿರಲಿಲ್ಲ. ಒಂದು ಹುಲಿ ಅಡ್ಡ ಬಂದು, ನನ್ನನ್ನು ನೋಡಿ ಹೆಬ್ಬಾವೆಂದು ತಿಳಿದು ಓಡಿಹೋಯಿತು. ಬಸ್ತ್ಯಾಂವ ಅದು ಹುಲಿಯಲ್ಲ, ಮುಂಗುಸಿ ಎನ್ನುತ್ತಾನೆ. ದಿನಕ್ಕೆ ನಾಲ್ಕು ಮಾತು ಆಡುವವನು ಒಂದನ್ನು ಇದಕ್ಕೇ ಖರ್ಚು ಮಾಡಬೇಕಿತ್ತೇ?

ಕಾಳಿಯಲ್ಲಿ ಒಂದು ಸೆಳವಿಗೆ ದೋಣಿ ಮಗುಚಿತು. ಬಸ್ತ್ಯಾಂವ ಇಬ್ಬರನ್ನೂ ದೋಣಿಯನ್ನೂ ನೆಟ್ಟಗೆ ಮಾಡಿದ. ಮಕ್ತುಮಸಾಬನ ತೇಪೆಯ ಡಬ್ಬಿ ಮಾತ್ರ ನದಿಗೆ ಹೋಯಿತು. ಕತ್ತರಿ ಮತ್ತು ಸೊಲೂಷನ್ ಅವನ ಜೇಬಿನಲ್ಲಿ ಉಳಿದವು. ನೀಲಕ್ಕ, "ಛಲೋ ಆತು. ಇನ್ನ ನೀ ನಿಂತ್ರೂ ಹಚ್ಚಾಕ ಏನೂ ಇಲ್ಲ" ಎಂದು ನಕ್ಕಳು. ನಾನೂ ನಕ್ಕೆ. ಆಮೇಲೆ ನಾನೂ ರಬ್ಬರೇ ಎನ್ನುವುದು ನೆನಪಾಯಿತು.

ಸೈಕಲ್ ಏರಿದಾಗ ಸಮಯ ಸಾಕಷ್ಟಿತ್ತು. ಅವನ ಸೀಟಿನ ಕೆಳಗಿನಿಂದ ಆಕೆಯ ಹ್ಯಾಂಡಲ್ಲಿಗೆ ನನ್ನನ್ನು ಕಟ್ಟಿದ್ದರು. ಆರನೇ ಮೈಲಿಯಲ್ಲಿ ಪುಣೆಯ ತಂಡವೊಂದು ಬಿದಿರು ಮುಳ್ಳಿಗೆ ಸಿಕ್ಕಿ ದಾರಿಬದಿ ಕುಳಿತಿತ್ತು. ಟ್ಯೂಬಷ್ಟೇ ಅಲ್ಲ, ಟೈರೇ ಸೀಳಿತ್ತು. ಮಕ್ತುಮಸಾಬ ಆಕಾಶ ನೋಡುತ್ತ ದಾಟಿದ. ಹತ್ತು ಮಾರು ಹೋಗಿ ನಿಂತ.

"ಮಕ್ತುಮಣ್ಣಾ! ಆಣಿ!"

"ಗಾಲಿ ನೋಡ್ಲಿಲ್ರಿ ಅಕ್ಕಾರ. ಆದ್ರ ಗಾಳಿ ಹೋಗೂ ಸಪ್ಪಳಾ ಕೇಳಿಸ್ತಲ್ರಿ, ಕಿವಿ ಹ್ಯಾಂಗ ಮುಚ್ಚಲಿ?"

ಕತ್ತರಿ ಬಂತು. ತೂತಿಗೆ ಹೆಬ್ಬೆರಳಿನಷ್ಟು, ಸೀಳಿದ ಟೈರಿನ ಒಳಗೆ ಒತ್ತು ಕೊಡಲು ಒಂದು ಗೇಣು, "ದಾರಿಗೆ ಇರಲಿ ತಮ್ಮಾ" ಎಂದು ಕೈಗೆ ಇನ್ನೊಂದು ಗೇಣು. ಕಡಿಮೆ ಕತ್ತರಿಸುವುದು ಅವನ ಜಾಯಮಾನದಲ್ಲೇ ಇಲ್ಲ. ಆಮೇಲೆ ಬೆಳಗಾವಿಯ ತಂಡ. ಆಮೇಲೆ ಮೈಸೂರಿನ ಮೂವರು ಹುಡುಗಿಯರು. ಪ್ರತಿಸಲವೂ ನಾನು ಗಿಡ್ಡನಾದೆ, ನೀಲಕ್ಕನ ಮುಂದಿನ ಗಾಲಿ ಅವನ ಹಿಂದಿನ ಗಾಲಿಗೆ ಹತ್ತಿರವಾಯಿತು. ಕೊನೆಗೆ ಒಂದೂವರೆ ಗೇಣು ಉಳಿದೆ. ಕಟ್ಟಿದರೆ ಗಾಲಿಗೆ ಗಾಲಿ ಬಡಿಯುತ್ತಿತ್ತು. ಹಾಗಾಗಿ ಅಕ್ಕಪಕ್ಕ ಬಂದು, ನನ್ನ ಒಂದು ತುದಿಯನ್ನು ಅವನು ಎಡಗೈಯಲ್ಲಿ, ಇನ್ನೊಂದನ್ನು ಆಕೆ ಬಲಗೈಯಲ್ಲಿ ಹಿಡಿದರು.

ಹಾಗೆ ಕೈಯಲ್ಲಿ ಹಿಡಿದು ಸಾಗಿದ ದಾರಿಯೇ ನನ್ನ ಬಾಳಿನ ಹಬ್ಬ. ಒಂದು ಕಡೆ ಎಣ್ಣೆ, ಗ್ರೀಸು ಕುಡಿದು ಒರಟಾದ ಕೈ. ಇನ್ನೊಂದು ಕಡೆ ಸೀಟಿ ಹಿಡಿದು ಹಿಡಿದು ಬೆರಳ ನಡುವೆ ಗಂಟಾದ ಕೈ. ನಡುವೆ ನಾನು. ಬಸ್ತ್ಯಾಂವ ಮುಂದೆ ದಾರಿ ನೋಡುತ್ತಿದ್ದ.

ಗಂಟೆ ನಾಲ್ಕು ನಲವತ್ತೈದು. ಉಳಿದದ್ದು ಎರಡು ಮೈಲಿ. ತಿರುವಿನಲ್ಲಿ, ಹೊನ್ನೆ ಮರದ ಕೆಳಗೆ, ಗೌಳಿಗರ ಧೋಂಡು ಹಾಲಿನ ಕ್ಯಾನು ಇಳಿಸಿ ಗಾಲಿ ಎತ್ತಿ ಹಿಡಿದಿದ್ದ. ಪಂದ್ಯದವನಲ್ಲ. ಹಾಲು ಡೇರಿಗೆ ಒಯ್ಯುವವನು.

"ಅಣ್ಣಾ, ಪಂಪ್ ಐತಿ ಕಾಯ್? ಹಾಲು ಒಡೀತದೆ" ಎಂದು ಮರಾಠಿ ಬೆರೆಸಿ ಕೇಳಿದ.

ಮಕ್ತುಮಸಾಬ ಈ ಸಲ ನಿಲ್ಲಲಿಲ್ಲ. ಹಲ್ಲು ಕಚ್ಚಿ ತುಳಿದ. ಆದರೆ ಅವನ ಎಡಗೈ ಹಿಂದಕ್ಕೆ ಎಳೆಯುವುದು ನನ್ನ ಮೂಲಕ ಆಕೆಯ ಕೈಗೆ ಹೋಯಿತು. ಅದನ್ನು ನಾನು ತಡೆಯಬಹುದಿತ್ತೇ? ರಬ್ಬರು ಏನನ್ನೂ ತಡೆದಿಟ್ಟುಕೊಳ್ಳುವುದಿಲ್ಲ.

ಬ್ರೇಕು ಹಿಡಿದವಳು ನೀಲಕ್ಕ.

"ಇಳಿ."

"ಅಕ್ಕಾರ, ಬ್ಯಾಡ್ರಿ. ಹದಿನೈದು ನಿಮಿಷ ಐತಿ. ಮುಟ್ಟತೀವಿ."

"ಮುಟ್ಟತೀವಿ. ಆದ್ರ ನಿನ್ನ ಮಾರಿ ಹಿಂದ ತಿರುಗಿಕೊಂಡೈತಲ್ಲೋ. ಗೆರಿ ದಾಟೂದು ಬರೇ ಮೈ ಅಷ್ಟ? ಮೂರೂ ಮಂದಿ ಪೂರಾ ದಾಟಬೇಕು." ನನ್ನನ್ನು ಅವನ ಕೈಗೆ ಕೊಟ್ಟಳು. "ಹಚ್ಚು. ಲಗೂನ ಹಚ್ಚು ಮತ್ತ, ಕತಿ ಹೇಳ್ಕೋತ ಕುಂದ್ರಬ್ಯಾಡ."

ಧೋಂಡುವಿನ ಟೈರು ಟೈರಾಗಿ ಉಳಿದಿರಲಿಲ್ಲ. ಒಳಗೆ ಒತ್ತಿಗೆ ಒಂದು ಗೇಣು ಹೋಯಿತು. ಹೆಬ್ಬೆರಳಿನಷ್ಟು ಒಂದು ತೇಪೆ. ಗಾಳಿ ತುಂಬುವ ಬಾಯಿ ಇದ್ದ ತುಂಡು ಮಿಕ್ಕಿತು. ಅದನ್ನು ನೀಲಕ್ಕ ಕಿಸೆಗೆ ಹಾಕಿಕೊಂಡಳು. ಇಷ್ಟು ತುಂಡುಗಳಲ್ಲಿ ಜೀವ ಯಾವುದರಲ್ಲಿ ಉಳಿಯುತ್ತದೆ ಎಂದು ನನಗೂ ಕುತೂಹಲವಿತ್ತು. ಆ ತೇಪೆಯಲ್ಲಿ ಉಳಿಯಿತು. ಬಾಯಿ ಆಕೆಯ ಹತ್ತಿರ ಇದೆ, ಮಾತು ನನ್ನ ಹತ್ತಿರ.

ಧೋಂಡು ಕ್ಯಾನು ಏರಿಸಿ ಅವರ ಹಿಂದೆಯೇ ಬಂದ. ಹೀಗಾಗಿ ಗೆರೆಯನ್ನು ನಾನೂ ದಾಟಿದೆ. ಗೆರೆಯ ಮೇಲೆ ಕಟ್ಟಿದ್ದ ಕಮಾನಿನ ಬಟ್ಟೆಯನ್ನು ಆಗಲೇ ಬಿಚ್ಚುತ್ತಿದ್ದರು. ಪುಣೆ, ಬೆಳಗಾವಿ, ಮೈಸೂರಿನವರು ಕೊರಳಲ್ಲಿ ಪದಕ ಹಾಕಿಕೊಂಡು ಚಪ್ಪಾಳೆ ತಟ್ಟಿದರು. ಪಟ್ಟಿ ಹಿಡಿದವನು ಗಡಿಯಾರ ನೋಡಿ, "ಮೇಡಂ, ಆರು ನಿಮಿಷ ತಡ" ಎಂದ.

"ತಡ ಅಂತ ಬರಕೋರಿ. ಮೂರೂ ಮಂದಿ ಕೂಡೇ ಬಂದ್ರು ಅಂತನೂ ಬರೀರಿ" ಎಂದಳು ನೀಲಕ್ಕ. ಆಕೆಯ ದನಿ ನೆಟ್ಟಗಿತ್ತು. ಆಮೇಲೆ ಸೈಕಲ್ಲಿಗೆ ಒರಗಿ ಬಹಳ ಹೊತ್ತು ಅತ್ತಳು. ಮಕ್ತುಮಸಾಬ ಪಕ್ಕದಲ್ಲಿ ನಿಂತು ಗಾಳಿ ಸರಿಯಿದ್ದ ಆಕೆಯ ಗಾಲಿಯನ್ನೇ ಒತ್ತಿ ಒತ್ತಿ ನೋಡಿದ. ಬಸ್ತ್ಯಾಂವ ದಿನದ ನಾಲ್ಕನೆಯ ಮಾತು ಆಡಿದ: "ಚಹಾ ಕುಡಿಯೋಣ."

ಅದಾಗಿ ನಾಲ್ಕು ವರ್ಷ. ಧೋಂಡುವಿನ ಹಿಂದಿನ ಗಾಲಿಯ ಕತ್ತಲೆಯಲ್ಲಿ, ಒಂದು ಹರಕು ಟ್ಯೂಬಿಗೆ ಅಂಟಿಕೊಂಡು, ದಿನಾ ಹಾಲು ಹೊತ್ತು ತಿರುಗುತ್ತೇನೆ. ನನ್ನ ಉಳಿದ ತುಂಡುಗಳು ಪುಣೆಯಲ್ಲಿ, ಬೆಳಗಾವಿಯಲ್ಲಿ, ಮೈಸೂರಿನಲ್ಲಿ ತಿರುಗುತ್ತಿರಬಹುದು. ಅವುಗಳ ಚಿಂತೆ ನನಗಿಲ್ಲ. ಆ ಎರಡು ಕೈಗಳದೇ ನೆನಪು. ಪಂದ್ಯದ ದಿನ ಧೋಂಡು ಹೊನ್ನೆ ಮರದ ಕೆಳಗೆ ಸೈಕಲ್ ನಿಲ್ಲಿಸಿ ನೋಡುತ್ತಾನೆ. ನಾನು ಕೇಳಿಸಿಕೊಳ್ಳುತ್ತೇನೆ. ಗಾಲಿಗಳು ಸರ್ರನೆ ಹೋಗುತ್ತವೆ. ಯಾರೂ ನಿಲ್ಲುವುದಿಲ್ಲ. ನಿಲ್ಲಲು ಕಾರಣವೂ ಇಲ್ಲ, ನನ್ನ ತೇಪೆ ಅಷ್ಟು ಗಟ್ಟಿ.

ಲೋಕದ ಟ್ಯೂಬುಗಳೆಲ್ಲ ಮುಳ್ಳು ತಗಲದಿರಲಿ ಎಂದು ಬೇಡಿಕೊಳ್ಳುತ್ತವೆ. ನಾನೊಬ್ಬನೇ ವರ್ಷಕ್ಕೊಂದು ದಿನ, ಆ ತಿರುವಿನಲ್ಲಿ, ಒಂದೇ ಒಂದು ಬಿದಿರು ಮುಳ್ಳು ಬೇಡುತ್ತೇನೆ.