ಪೈಪಿಗೆ ಎರಡು ಏಟು

ನಮ್ಮ ಬಿಸ್ಕತ್ತು ಕಾರ್ಖಾನೆಗೂ ನಮ್ಮಕ್ಕನ ಲಾಂಡ್ರಿಗೂ ನಡುವೆ ಒಂದು ಓಣಿ ಇದೆ. ಅಗಲ ಎಂಟು ಹೆಜ್ಜೆ. ಆ ಎಂಟು ಹೆಜ್ಜೆಯನ್ನು ಎರಡು ವರ್ಷದಿಂದ ನಾನೂ ದಾಟಿರಲಿಲ್ಲ, ಅವಳೂ ದಾಟಿರಲಿಲ್ಲ. ದಾಟುತ್ತಿದ್ದುದು ಪೈಪು ಮಾತ್ರ. ನಮ್ಮ ಓವನ್ನಿನ ಚಿಮಣಿಯಲ್ಲಿ ಸುಮ್ಮನೆ ಹೊರಗೆ ಹೋಗುವ ಬಿಸಿಗಾಳಿಯಿಂದ ನಮ್ಮ ಕಡೆಯ ತೊಟ್ಟಿಯಲ್ಲಿ ನೀರು ಕಾಯಿಸಿ, ಓಣಿಯ ಮೇಲಿಂದ ಅವಳ ತೊಟ್ಟಿಗೆ ಬಿಡುವ ಪೈಪು ಅದು. ಒಂಬತ್ತು ವರ್ಷದ ಹಿಂದೆ ಯಜಮಾನರ ಕಾಲಿಗೆ ಬಿದ್ದಷ್ಟು ಮಾಡಿ ಅದನ್ನು ಹಾಕಿಸಿದವನು ನಾನೇ.

ಅಕ್ಕ ಆಸ್ಪತ್ರೆಗಳ ಬಟ್ಟೆ ಒಗೆಯುತ್ತಾಳೆ. ಚಾದರ, ದಿಂಬಿನ ಚೀಲ, ಆಪರೇಷನ್ ಗೌನು. ಅದಕ್ಕೆ ಎಪ್ಪತ್ತು ಡಿಗ್ರಿಯ ನೀರು ಬೇಕು, ಅರವತ್ತೊಂಬತ್ತಾದರೆ ಆಸ್ಪತ್ರೆಯವರು ಒಪ್ಪುವುದಿಲ್ಲ. ಅವಳು ಬಟ್ಟೆ ಜಾಲಿಸಿ ಬಿಟ್ಟ ನೀರು ಮೂರು ಗುಂಡಿಗಳಲ್ಲಿ ನಿಂತು ತಿಳಿಯಾಗಿ ಪಕ್ಕದ ರಟ್ಟಿನ ಕಾರ್ಖಾನೆಗೆ ಹೋಗುತ್ತದೆ. ಅಲ್ಲಿ ಹಳೇ ಡಬ್ಬ, ಹರಿದ ಕಾಗದ ಎಲ್ಲ ಆ ನೀರಿನಲ್ಲಿ ನೆನೆದು, ಅರೆದು, ಹೊಸ ರಟ್ಟಾಗುತ್ತದೆ. ಅಂಚು ಕತ್ತರಿಸಿದ ರಟ್ಟಿನ ಚೂರು ಅಕ್ಕನ ಇಸ್ತ್ರಿ ಯಂತ್ರದ ಒಲೆಗೆ ಬರುತ್ತದೆ. ಉಳಿದ ರಟ್ಟು ಡಬ್ಬವಾಗಿ ನಮ್ಮ ಬಿಸ್ಕತ್ತನ್ನು ಹೊರುತ್ತದೆ. ಇನ್ನು ನಮ್ಮಲ್ಲಿ ಮುರಿದದ್ದು, ಸೀದದ್ದು ಏನಿದ್ದರೂ ಹಿಂದಿನ ಗೇಟಿನಲ್ಲಿ ಚೀಲ ಹಿಡಿದು ನಿಂತಿರುವ ಕೋಳಿ ಫಾರಂ ಹೆಂಗಸಿಗೆ ಸೇರಿದ್ದು. ಅವಳ ಹೆಸರು ಏನೋ ಇದೆ, ನಾವೆಲ್ಲ ಕರೆಯುವುದು ಕೋಳಿಯಮ್ಮ ಎಂದೇ.

ಕೋಳಿಯಮ್ಮನಿಗೆ ನನ್ನ ಮೇಲೆ ಮೊದಲಿನಿಂದಲೂ ಅಸಮಾಧಾನ. ನನ್ನ ಪಾಳಿಯಲ್ಲಿ ಅವಳ ಚೀಲ ತುಂಬುವುದಿಲ್ಲ. ಇಪ್ಪತ್ತೆರಡು ವರ್ಷದಿಂದ ಓವನ್ನಿನ ಮುಂದೆ ನಿಂತಿದ್ದೇನೆ, ಮೇಸ್ತ್ರಿ ಎಂದರೆ ಬಿಸ್ಕತ್ತು ಸುಡದವನು ಎಂದು ಹೆಸರು. ನನಗೆ ಇರುವುದು ಅದೊಂದೇ ಹೆಸರು, ಅದನ್ನು ನಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯ್ದುಕೊಂಡು ಬಂದಿದ್ದೇನೆ.

ಪೈಪಿನ ವಿಷಯದಲ್ಲಿ ನಮಗೊಂದು ಪದ್ಧತಿ ಇತ್ತು. ನೀರು ಬಿಸಿಯಾಗಿ ಬಂದರೆ ಅಕ್ಕ ತನ್ನ ಕಡೆ ಪೈಪಿಗೆ ಸ್ಪ್ಯಾನರಿನಿಂದ ಎರಡು ಏಟು ಹೊಡೆಯುತ್ತಾಳೆ. ಬಿಸಿ ಸಾಲದಿದ್ದರೆ ಮೂರು. ತೊಟ್ಟಿ ತುಂಬಿ ಸಾಕೆನಿಸಿದರೆ ಒಂದು. ಯಂತ್ರಗಳ ಸದ್ದಿನಲ್ಲಿ ಫೋನು ಕೇಳಿಸುವುದಿಲ್ಲವೆಂದು ಮಾಡಿಕೊಂಡ ಏರ್ಪಾಡು. ಮಾತು ಬಿಟ್ಟ ಮೇಲೆ ನಮ್ಮ ನಡುವೆ ಉಳಿದದ್ದು ಇಷ್ಟೇ. ಎರಡು ವರ್ಷ ಅಕ್ಕ ನನ್ನೊಂದಿಗೆ ಒಂದು, ಎರಡು, ಮೂರು ಎಂದಷ್ಟೇ ಮಾತಾಡಿದಳು.

ಮಾತು ಬಿಟ್ಟದ್ದು ಅಮ್ಮ ಹೋದ ದಿನ. ಅಮ್ಮ ಉಸಿರಾಟದ ತೊಂದರೆಯಿಂದ ಆಸ್ಪತ್ರೆಯಲ್ಲಿದ್ದಳು, ಜೊತೆಗೆ ಅಕ್ಕ ಇದ್ದಳು. ಬೆಳಿಗ್ಗೆ ಹನ್ನೊಂದಕ್ಕೆ ಆಫೀಸಿಗೆ ಫೋನು ಬಂತು, ತಮ್ಮನನ್ನು ಈಗಲೇ ಕಳಿಸಿ ಎಂದು. ಓವನ್ನಿನೊಳಗೆ ಸಾಗುವ ಬೆಲ್ಟಿನ ತುಂಬ ಬಿಸ್ಕತ್ತಿತ್ತು. ಮುಂದಿನ ಪಾಳಿಯವನು ಬರುವುದು ಎರಡಕ್ಕೆ. ಉರಿಯುವ ಓವನ್ ಬಿಟ್ಟು ಹೋಗಬಾರದು ಎಂದು ಗೋಡೆಯ ಮೇಲೆ ಕೆಂಪಕ್ಷರದಲ್ಲಿ ಬರೆದಿದೆ, ಅದರ ಕೆಳಗೇ ನಾನು ನಿಂತಿರುತ್ತೇನೆ. ಎರಡರವರೆಗೆ ನಿಂತೆ. ಆಸ್ಪತ್ರೆ ಸೇರಿದಾಗ ಎರಡೂವರೆ, ಅಮ್ಮ ಹೋಗಿ ಒಂದೂವರೆ ಗಂಟೆಯಾಗಿತ್ತು. ಅಕ್ಕ ವಾರ್ಡಿನ ಬಾಗಿಲಲ್ಲಿ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. ನನ್ನ ಅಂಗಿಯ ಮೇಲೆ ಮೈದಾಹಿಟ್ಟಿತ್ತು.

"ಬಿಸ್ಕತ್ತು ಚೆನ್ನಾಗಿ ಬೆಂದ್ವಾ?" ಎಂದು ಕೇಳಿದಳು.

ಅವು ಚೆನ್ನಾಗಿಯೇ ಬೆಂದಿದ್ದವು.

ಹೀಗಿರುವಾಗ ಈ ವರ್ಷ ನಗರಸಭೆಯ ಕಚೇರಿಯಿಂದ ಒಂದು ನೋಟೀಸು ಬಂತು. ಓಣಿ ಸಾರ್ವಜನಿಕರದು, ಅದರ ಮೇಲೆ ಪೈಪು ಎಳೆಯಲು ನಮಗೆ ಅನುಮತಿಯಿಲ್ಲ, ತಿಂಗಳ ಕೊನೆಗೆ ಕತ್ತರಿಸಲಾಗುವುದು. ಉಳಿಸಿಕೊಳ್ಳಲು ಒಂದೇ ದಾರಿ ಇತ್ತು. ಈ ಕಾರ್ಖಾನೆಗಳು ಒಂದರ ತ್ಯಾಜ್ಯವನ್ನು ಇನ್ನೊಂದು ನಿಜಕ್ಕೂ ಬಳಸುತ್ತಿವೆಯೇ ಎಂದು ಒಬ್ಬ ಅಧಿಕಾರಿ ಬಂದು ಕಣ್ಣಾರೆ ನೋಡಿ ಬರೆದುಕೊಡಬೇಕು. ನೀರು ಎಪ್ಪತ್ತು ಡಿಗ್ರಿ ಇರಬೇಕು, ಅದನ್ನೂ ಅಳೆಯುತ್ತಾರೆ. ಬರುವುದು ಬುಧವಾರ ಬೆಳಿಗ್ಗೆ ಹತ್ತಕ್ಕೆ.

ಪೈಪು ಹೋದರೆ ಲಾಂಡ್ರಿ ಹೋದ ಹಾಗೆಯೇ. ಅಕ್ಕನ ಷೆಡ್ಡಿನಲ್ಲಿ ಅಷ್ಟು ನೀರು ಕಾಯಿಸುವ ದೊಡ್ಡ ಬಾಯ್ಲರ್ ಇಡಲು ಜಾಗವಿಲ್ಲ, ಇಟ್ಟರೂ ಅಗ್ನಿಶಾಮಕದವರು ಬಿಡುವುದಿಲ್ಲ. ಅವಳ ಕೈಕೆಳಗೆ ಹನ್ನೊಂದು ಹೆಂಗಸರಿದ್ದಾರೆ. ನಮ್ಮಿಬ್ಬರ ನಡುವೆ ಸುದ್ದಿ ಸಾಗಿಸುವುದನ್ನು ತಮ್ಮ ಎರಡನೆಯ ಉದ್ಯೋಗವೆಂದು ತಿಳಿದ ರಟ್ಟಿನ ಕಾರ್ಖಾನೆಯ ಸಾಹುಕಾರರು ಬಂದು ಹೇಳಿದರು: ಪೈಪು ಕತ್ತರಿಸಿದ ದಿನವೇ ಬೀಗ ಹಾಕುತ್ತೇನೆ ಎಂದು ಅಕ್ಕ ಹೇಳಿದ್ದಾಳಂತೆ. ನನಗಿದ್ದದ್ದು ಲಾಂಡ್ರಿಯ ಚಿಂತೆಯೊಂದೇ ಅಲ್ಲ. ಪೈಪು ಹೋದರೆ ಆ ಒಂದು, ಎರಡು, ಮೂರೂ ಹೋಗುತ್ತದಲ್ಲ.

ಬುಧವಾರಕ್ಕೆ ಎಲ್ಲರೂ ಸಿದ್ಧರಾದರು. ತಪ್ಪಾದದ್ದು ಅಲ್ಲೇ. ದೊಡ್ಡವರು ಮನೆಗೆ ಬರುತ್ತಾರೆಂದರೆ ಮನುಷ್ಯರಾದವರು ಏನು ಮಾಡುತ್ತಾರೋ ಅದನ್ನೇ ನಾವೂ ಮಾಡಿದೆವು. ಮನೆ ಗುಡಿಸಿದೆವು. ಅವರವರು ಅವರವರ ಕಾಂಪೌಂಡಿನೊಳಗೆ, ಪಕ್ಕದವರಿಗೆ ಒಂದು ಮಾತೂ ಹೇಳದೆ.

ರಟ್ಟಿನ ಸಾಹುಕಾರರು ಅಂಗಳದಲ್ಲಿ ಬೆಟ್ಟದಂತೆ ಬಿದ್ದಿದ್ದ ಹಳೇ ಕಾಗದವನ್ನು ಎರಡು ಲಾರಿಗೆ ತುಂಬಿಸಿ ತಮ್ಮ ಭಾವಮೈದುನನ ಗೋದಾಮಿಗೆ ಸಾಗಿಸಿದರು. ಅಕ್ಕ ಮೂರೂ ಗುಂಡಿ ಬರಿದು ಮಾಡಿಸಿ, ಬ್ಲೀಚಿಂಗ್ ಪುಡಿ ಹಾಕಿ ಹಲ್ಲುಜ್ಜಿದ ಹಾಗೆ ಉಜ್ಜಿಸಿದಳು. ನಮ್ಮ ಯಜಮಾನರು ಮಂಗಳವಾರ ನನ್ನನ್ನು ಕರೆದು, ನಾಳೆ ಒಂದೇ ಒಂದು ಬಿಸ್ಕತ್ತು ಮುರಿಯಕೂಡದು, ಸೀಯಕೂಡದು, ಮರ್ಯಾದೆಯ ಪ್ರಶ್ನೆ ಎಂದರು. ಇಂಥ ಮಾತನ್ನು ನನಗೆ ಹೇಳಬಾರದು. ಓವನ್ನಿನ ಬಾಗಿಲ ಸಂದುಗಳನ್ನೆಲ್ಲ ಬೆಂಕಿ ತಾಳುವ ಹೊಸ ಹಗ್ಗ ಸುತ್ತಿ ಮುಚ್ಚಿದೆ. ಬುಧವಾರ ಪಾಳಿಗೆ ಬಂದವನೇ ಉರಿ ಸಣ್ಣದು ಮಾಡಿ, ಚಿಮಣಿಗೆ ಅಡ್ಡ ಹಾಕುವ ತಗಡನ್ನು ಕೂದಲೆಳೆಯಷ್ಟು ಬಿಟ್ಟು ಪೂರ್ತಿ ಹಾಕಿದೆ. ಇದ್ದ ಬಿಸಿಯೆಲ್ಲ ಬಿಸ್ಕತ್ತಿಗೇ. ಬಂಗಾರದ ಬಣ್ಣ ಬಂತು. ಅಷ್ಟು ಚೆಂದದ ಬಿಸ್ಕತ್ತನ್ನು ನಾನು ಹಿಂದೆ ತೆಗೆದಿರಲಿಲ್ಲ, ಮುಂದೆ ತೆಗೆಯುವುದೂ ಇಲ್ಲ.

ಅಧಿಕಾರಿ ಒಬ್ಬ ಹೆಂಗಸು. ಕೈಯಲ್ಲಿ ಪುಸ್ತಕ, ಜೊತೆಗೆ ಕ್ಯಾಮೆರಾ ಹಿಡಿದ ಒಬ್ಬ ನೌಕರ. ಮೊದಲು ನಮ್ಮಲ್ಲಿಗೇ ಬಂದರು. ಬಿಸ್ಕತ್ತು ನೋಡಿದರು, ಒಂದು ತಿಂದರು, ತಲೆಯಾಡಿಸಿದರು. ಆಮೇಲೆ ತ್ಯಾಜ್ಯ ತೋರಿಸಿ ಎಂದರು.

"ನಮ್ಮಲ್ಲಿ ತ್ಯಾಜ್ಯವೇ ಇಲ್ಲ ಮೇಡಂ" ಎಂದರು ಯಜಮಾನರು, ಎದೆಯುಬ್ಬಿಸಿ.

ಮೇಡಂ ಅದನ್ನು ಬರೆದುಕೊಂಡರು. ಹಿಂದಿನ ಗೇಟಿನಲ್ಲಿ ಕೋಳಿಯಮ್ಮ ನಾಲ್ಕು ಖಾಲಿ ಚೀಲ ಹಿಡಿದು ನಿಂತಿದ್ದಳು. ಯಜಮಾನರು ಅವಳಿಗೆ ಮರೆಯಾಗಿ ನಿಲ್ಲಲು ಹೇಳಿದ್ದರು.

ಮುಂದಿನದನ್ನು ನನಗೆ ಆಮೇಲೆ ಹೇಳಿದವರು ರಟ್ಟಿನ ಸಾಹುಕಾರರೇ. ಅವರ ಅಂಗಳ ಆಟದ ಮೈದಾನದ ಹಾಗೆ ಬೋಳಾಗಿತ್ತು. ರಟ್ಟನ್ನು ಯಾವುದರಿಂದ ಮಾಡುತ್ತೀರಿ ಎಂದು ಮೇಡಂ ಕೇಳಿದರಂತೆ. ಸಾಹುಕಾರರು ಅಂಗಳ ನೋಡಿದರಂತೆ, ಆಮೇಲೆ ಆಕಾಶ ನೋಡಿದರಂತೆ. ಕಚ್ಚಾವಸ್ತು ಇಲ್ಲದೆ ಯಂತ್ರವೂ ನಿಂತಿತ್ತು. ಹೋಗಲಿ, ಲಾಂಡ್ರಿಯಿಂದ ಬರುವ ನೀರನ್ನಾದರೂ ತೋರಿಸಿ ಎಂದಾಗ ಸಾಹುಕಾರರು ನಲ್ಲಿ ತಿರುಗಿಸಿದರು. ನಲ್ಲಿ ಒಂದು ಸಲ ಕೆಮ್ಮಿ ಸುಮ್ಮನಾಯಿತು. ಮೇಡಂ ಅದನ್ನೂ ಬರೆದುಕೊಂಡು ಲಾಂಡ್ರಿಯ ಕಡೆಗೆ ನಡೆದರು.

ನಾನು ಓವನ್ನಿನ ಮುಂದೆ ಕೈ ಕಟ್ಟಿ ನಿಂತಿದ್ದೆ. ಬೆಳಿಗ್ಗೆ ಎಂಟಕ್ಕೆ ಎರಡು ಏಟು ಬಂದಿತ್ತು, ನಿಶ್ಚಿಂತೆಯಾಗಿದ್ದೆ. ಅದು ಹಿಂದಿನ ಪಾಳಿಯವನು ಕಾಯಿಸಿಟ್ಟಿದ್ದ ನೀರು ಎಂಬುದು ನನ್ನ ತಲೆಗೆ ಹೋಗಿರಲಿಲ್ಲ. ಹನ್ನೊಂದಕ್ಕೆ ಹತ್ತು ನಿಮಿಷವಿರುವಾಗ ಪೈಪು ಸದ್ದು ಮಾಡಿತು. ಒಂದು. ಎರಡು. ಮೂರು.

ನಮ್ಮ ತೊಟ್ಟಿಯ ಬಿಸಿ ಅಳೆಯುವ ಮುಳ್ಳು ನೋಡಿದರೆ ನಲವತ್ತೊಂದು ಡಿಗ್ರಿ. ಬಿಸಿ ಒಂದಿಷ್ಟೂ ಹೊರಗೆ ಹೋಗಬಾರದೆಂದು ಪಣ ತೊಟ್ಟು ನಿಂತವನು ನಾನೇ, ಹೊರಗೆ ಹೋಗದ ಬಿಸಿ ಅಕ್ಕನಿಗೆ ಎಲ್ಲಿಂದ ಸಿಗಬೇಕು? ಮತ್ತೆ ಮೂರು ಏಟು ಬಿತ್ತು, ಸ್ವಲ್ಪ ಮೆಲ್ಲಗೆ. ಜೋರಾಗಿ ಹೊಡೆದಿದ್ದರೆ ಸಿಟ್ಟೆಂದುಕೊಳ್ಳುತ್ತಿದ್ದೆ. ಮೆಲ್ಲಗೆ ಹೊಡೆದದ್ದರಿಂದ ಅವಳು ಕೈಚೆಲ್ಲಿದ್ದಾಳೆಂದು ತಿಳಿಯಿತು.

ಚಿಮಣಿಯ ತಗಡನ್ನು ಪೂರ್ತಿ ಎಳೆದೆ. ಮೂರೂ ಉರಿಯನ್ನು ಕೊನೆಯವರೆಗೆ ತಿರುಗಿಸಿದೆ. ನೀರು ಕಾಯಲು ಇಪ್ಪತ್ತು ನಿಮಿಷ ಬೇಕಿತ್ತು, ಆ ಉರಿಯಲ್ಲಿ ಬಿಸ್ಕತ್ತು ಕಪ್ಪಾಗಲು ಮೂರು ನಿಮಿಷ ಸಾಕು. ಬೆಲ್ಟಿನ ತುದಿಯಲ್ಲಿ ಮೊದಲು ಕಂದು, ಆಮೇಲೆ ಕರಿ ಬಿಸ್ಕತ್ತು ಬೀಳತೊಡಗಿತು. ಕೋಳಿಯಮ್ಮನನ್ನು ಕೂಗಿ ಕರೆದೆ. ಅವಳು ಬಂದು ನೋಡಿ, ಏನೂ ಕೇಳದೆ ಚೀಲದ ಬಾಯಿ ಬಿಚ್ಚಿ ಹಿಡಿದಳು.

ಹೊಗೆ ನೋಡಿ ಯಜಮಾನರು ಓಡಿ ಬಂದರು. ಇಪ್ಪತ್ತೆರಡು ವರ್ಷದಲ್ಲಿ ಅವರು ಓಡಿದ್ದನ್ನು ಕಂಡದ್ದು ಅದೇ ಮೊದಲು.

"ಏನ್ ಮಾಡ್ತಿದೀರಿ ಮೇಸ್ತ್ರಿ?"

"ಬಿಸಾಡ್ತಿದೀನಿ ಸಾರ್. ನಾವು ಬಿಸಾಡದಿದ್ರೆ ಅಲ್ಲಿಗೆ ಏನೂ ಹೋಗಲ್ಲ."

ಅವರು ಬಾಯಿ ತೆರೆದರು, ಪೈಪು ನೋಡಿದರು, ಬಾಯಿ ಮುಚ್ಚಿದರು. ಮನುಷ್ಯ ಕೆಟ್ಟವರಲ್ಲ. ಇನ್ನೆಷ್ಟು ಹೊತ್ತು ಎಂದು ಕೇಳಿ, ಹಿಟ್ಟು ಕಲಸುವವರಿಗೆ ನಿಲ್ಲಿಸಬೇಡಿ ಎಂದು ಹೇಳಿಹೋದರು.

ಆ ಇಪ್ಪತ್ತು ನಿಮಿಷ ಅಲ್ಲಿ ಅಕ್ಕ ಮೇಡಂ ಅವರಿಗೆ ಮೂರು ಖಾಲಿ ಗುಂಡಿ ತೋರಿಸುತ್ತಿದ್ದಳಂತೆ. ಮೊದಲನೆಯದರಲ್ಲಿ ನೀರಿದ್ದಿದ್ದರೆ ಹೇಗಿರುತ್ತಿತ್ತು, ಎರಡನೆಯದರಲ್ಲಿ ಇದ್ದಿದ್ದರೆ ಎಷ್ಟು ತಿಳಿಯಾಗಿರುತ್ತಿತ್ತು, ಒಂದನ್ನೂ ಬಿಡದೆ ವಿವರಿಸಿದಳಂತೆ. ಓಣಿಗೆ ಹೊಗೆ ತುಂಬಿತು. ಒಳಗೆ ನಮ್ಮ ಮುಳ್ಳು ಐವತ್ತೆಂಟಕ್ಕೆ ಬಂತು, ಅರವತ್ತಾರಕ್ಕೆ ಬಂತು. ಎಪ್ಪತ್ತನಾಲ್ಕರಲ್ಲಿ ನೀರು ಬಿಟ್ಟೆ. ಪೈಪಿನ ಕಡೆಗೇ ಕಿವಿಯಿಟ್ಟು ನಿಂತೆ. ಒಂದು. ಆಮೇಲೆ ಎಷ್ಟೋ ಹೊತ್ತು ಏನೂ ಇಲ್ಲ, ಅಥವಾ ನನಗೆ ಹಾಗೆನಿಸಿತು. ಎರಡು. ಮೂರನೆಯದು ಬರಲಿಲ್ಲ.

ಮೇಡಂ ಅಕ್ಕನ ತೊಟ್ಟಿಯ ನೀರು ಅಳೆದು, ಎಪ್ಪತ್ತು ದಾಟಿದ್ದನ್ನು ಬರೆದುಕೊಂಡು, ಹೊಗೆಯ ಜಾಡು ಹಿಡಿದು ನಮ್ಮಲ್ಲಿಗೆ ವಾಪಸು ಬಂದರು. ಕರಿ ಬಿಸ್ಕತ್ತು ಕೋಳಿಯಮ್ಮನ ನಾಲ್ಕನೆಯ ಚೀಲಕ್ಕೆ ಬೀಳುತ್ತಿತ್ತು. ಇದೇನು ಎಂದು ಕೇಳಿದರು. ತ್ಯಾಜ್ಯ ಮೇಡಂ ಎಂದೆ. ಅವರ ಮುಖದಲ್ಲಿ ಬೆಳಗಿನಿಂದ ಮೊದಲ ಸಲ ಸಮಾಧಾನ ಕಂಡಿತು. ಚೀಲದ ಪಕ್ಕದಲ್ಲಿ ನನ್ನನ್ನು ನಿಲ್ಲಿಸಿ ಫೋಟೋ ತೆಗೆಸಿದರು. ವಾರದ ಮೇಲೆ ಬಂದ ಕಾಗದದಲ್ಲಿ ಹೀಗಿತ್ತು: ಬಿಸ್ಕತ್ತು ಘಟಕದಲ್ಲಿ ತ್ಯಾಜ್ಯದ ಲಭ್ಯತೆ ತೃಪ್ತಿಕರ, ಉಳಿದ ಘಟಕಗಳು ಸುಧಾರಿಸಿಕೊಳ್ಳಬೇಕು, ಪೈಪು ಇರಬಹುದು.

ಆದರೆ ಅವತ್ತು ಆ ಕಾಗದ ಇನ್ನೂ ಬಂದಿರಲಿಲ್ಲ. ಎರಡಕ್ಕೆ ಪಾಳಿ ಬದಲಾಯಿತು. ಅಂಗಿ ಬದಲಿಸಿ ಹಿಂದಿನ ಗೇಟಿನ ಕಡೆ ಬಂದೆ. ಅಲ್ಲಿ ಅಕ್ಕ ನಿಂತಿದ್ದಳು. ಎಂಟು ಹೆಜ್ಜೆಯನ್ನೂ ದಾಟಿ ನಮ್ಮ ಕಡೆಗೆ ಬಂದಿದ್ದಳು. ತಲೆಯಲ್ಲಿ ಬಿಳಿ ಜಾಸ್ತಿಯಾಗಿತ್ತು, ಅದನ್ನು ನಾನು ದೂರದಿಂದ ನೋಡಿದ್ದರೂ ಇಷ್ಟೆಂದು ಗೊತ್ತಿರಲಿಲ್ಲ. ಅವಳು ನೋಡುತ್ತಿದ್ದುದು ನನ್ನನ್ನಲ್ಲ. ಕೋಳಿಯಮ್ಮನ ಗಾಡಿಯಲ್ಲಿದ್ದ ಚೀಲಗಳನ್ನು.

ಒಂದು ಕರಿ ಬಿಸ್ಕತ್ತು ತೆಗೆದು ತಿರುಗಿಸಿ ನೋಡಿದಳು.

"ಎಷ್ಟು ಸುಟ್ಟೆ?"

"ನಾಲ್ಕು ಚೀಲ."

"ಅವತ್ತೂ ಸುಡಬಹುದಿತ್ತು" ಎಂದಳು.

ಗೋಡೆಯ ಮೇಲಿನ ಕೆಂಪಕ್ಷರದ ಮಾತು ನಾಲಿಗೆಯ ತುದಿಗೆ ಬಂತು. ಎರಡು ವರ್ಷ ಅದನ್ನೇ ನನಗೆ ನಾನು ಹೇಳಿಕೊಂಡು ಬಂದಿದ್ದೆ. ಗ್ಯಾಸು ಮುಚ್ಚಿ ಹೊರಟಿದ್ದರೆ ಒಳಗಿನ ಬಿಸ್ಕತ್ತು ಇದ್ದಲ್ಲೇ ಸೀಯುತ್ತಿತ್ತು, ಬೆಲ್ಟು ಸೊಟ್ಟಗಾಗುತ್ತಿತ್ತು, ಕಾರ್ಖಾನೆ ಒಂದು ವಾರ ನಿಲ್ಲುತ್ತಿತ್ತು. ಅಷ್ಟೇ. ಯಾರೂ ಸಾಯುತ್ತಿರಲಿಲ್ಲ. ಅದು ಅವತ್ತೂ ನನಗೆ ಗೊತ್ತಿತ್ತು.

"ಸುಡಬಹುದಿತ್ತು, ಅಕ್ಕ" ಎಂದೆ.

ಅವಳು ಬಿಸ್ಕತ್ತನ್ನು ಮತ್ತೆ ಚೀಲದೊಳಗೆ ಹಾಕಿ ಕೈ ಒರೆಸಿಕೊಂಡಳು. ಇನ್ನು ಹೊರಟುಬಿಡುತ್ತಾಳೆ ಎಂದುಕೊಂಡೆ. ಹೊರಡಲಿಲ್ಲ. ಪೈಪನ್ನು ನೋಡುತ್ತಾ, ಬಟ್ಟೆಯ ಲೆಕ್ಕ ಒಪ್ಪಿಸುವಾಗ ಮಾತಾಡುವ ಹಾಗೆ ಮಾತಾಡಿದಳು.

"ಅಮ್ಮನ ಹಾಸಿಗೆ ಮೇಲಿದ್ದ ಚಾದರಾನ ನಾನೇ ತಗೊಂಡ್ ಬಂದೆ ಕಣೋ. ಬೇರೆ ಯಾರ ಕೈಗೂ ಕೊಡಲಿಲ್ಲ. ನೀನು ಅವತ್ತು ಕಾಯಿಸಿದ್ದ ನೀರು ತೊಟ್ಟೀಲಿ ಇನ್ನೂ ಹಾಗೇ ಇತ್ತು. ಅದ್ರಲ್ಲೇ ಒಗೆದೆ."

ನಾನು ಕೊನೆಯ ಚೀಲದ ಬಾಯಿ ಕಟ್ಟಿದೆ.

"ಚೆನ್ನಾಗಿ ಕಾದಿತ್ತು" ಎಂದಳು.