ಸೇತುವೆ ಪಕ್ಕದ ಮನೆ

೧೯೯೧ರ ಆಗಸ್ಟ್. ಯುರೋಪ್ ವಾಲಿಬಾಲ್ ಚಾಂಪಿಯನ್‌ಶಿಪ್‌ಗೆಂದು ಯುಗೊಸ್ಲಾವಿಯ ತಂಡ ನೋವಿ ಸಾದ್‌ನಲ್ಲಿ ಅಭ್ಯಾಸ ನಡೆಸುತ್ತಿತ್ತು. ಓಗ್ನೆನ್ ಚೆಂಡು ಎತ್ತಿಕೊಡುವವನು, ಕ್ರೆಶೊ ಅದನ್ನು ಬಾರಿಸುವವನು. ವರ್ಷಗಳಿಂದ ಇಬ್ಬರಿಗೂ ಒಂದೇ ಕೋಣೆ. ಕ್ರೆಶೊನ ಗೊರಕೆಯನ್ನು ಬೈಯದೆ ಓಗ್ನೆನ್‌ಗೆ ಬೆಳಗಾಗುತ್ತಿರಲಿಲ್ಲ.

ಅಂದು ಮಧ್ಯಾಹ್ನ ಕ್ರೀಡಾಂಗಣದ ಕಿಟಕಿ ಗಾಜುಗಳು ಗಡಗಡ ಅದುರತೊಡಗಿದವು. ಹೊರಗೆ ಸೈನ್ಯದ ಲಾರಿಗಳು ಫಿರಂಗಿಗಳನ್ನು ಎಳೆದುಕೊಂಡು ಸಾಲಾಗಿ ಪಶ್ಚಿಮಕ್ಕೆ ಹೋಗುತ್ತಿದ್ದವು. ದೇಶದಿಂದ ಬೇರೆಯಾಗುವುದಾಗಿ ಸಾರಿದ್ದ ಅಲ್ಲಿನ ಪ್ರಾಂತ್ಯದ ಊರುಗಳ ಮೇಲೆ ಸೈನ್ಯ ಫಿರಂಗಿ ಹಾರಿಸುತ್ತಿತ್ತು; ಕ್ರೆಶೊನ ಊರು ಓಸಿಯೆಕ್ ಆ ಪ್ರಾಂತ್ಯದಲ್ಲೇ ಇತ್ತು.

"ಕಿಟಕಿ ನೋಡ್ಬೇಡ್ರೋ, ಚೆಂಡು ನೋಡ್ರೋ!" ಎಂದು ಕೋಚ್ ಕೂಗಿದರು. ಯಾರೂ ಅಲುಗಲಿಲ್ಲ.

"ನಿನ್ನ ತಮ್ಮ ಸೈನ್ಯದಲ್ಲಿ ಯಾವ ದಳದಲ್ಲಿದಾನೋ?" ಎಂದು ಕ್ರೆಶೊ ಕೇಳಿದ.

ಓಗ್ನೆನ್ ಬೂಟಿನ ದಾರ ಬಿಗಿಯುತ್ತ, "ಫಿರಂಗಿ ದಳ," ಎಂದ. "ಕಡ್ಡಾಯ ಸೇವೆ ಕಣೋ. ಅವನೇನು ಕೇಳ್ಕೊಂಡು ಹೋದದ್ದಲ್ಲ."

"ಗೊತ್ತು ಬಿಡು."

ಕೋಣೆಗೆ ಬಂದವನೇ ಕ್ರೆಶೊ ಚೀಲ ತುಂಬತೊಡಗಿದ.

"ಬಸ್ಸೆಲ್ಲ ನಿಂತಿದೆ. ಹೆಂಗೋ ಹೋಗ್ತೀಯ?" ಎಂದ ಓಗ್ನೆನ್.

"ಹಂಗೇರಿ ಸುತ್ಕೊಂಡು. ಅಮ್ಮ ಒಬ್ಳೇ ನೆಲಮಾಳಿಗೇಲಿ ಮಲಗ್ತಿದಾಳಂತೆ."

"ಪಂದ್ಯಕ್ಕೆ ಬರ್ತೀಯ ತಾನೆ?"

"ಇನ್ಯಾರಾದ್ರೂ ಬಾರಿಸ್ತಾರೆ. ನೀನು ತಮ್ಮಂಗೆ ಫೋನ್ ಮಾಡು. ನಮ್ಮನೆ ಸೇತುವೆ ಪಕ್ಕದಲ್ಲೇ ಇದೆ ಅಂತ ಹೇಳು."

ಕ್ರೆಶೊ ತಬ್ಬಿಕೊಂಡು ಹೊರಟುಹೋದ. ಓಗ್ನೆನ್ ಕೆಳಗಿಳಿದು ತಮ್ಮನಿದ್ದ ಸೈನ್ಯದ ಶಿಬಿರಕ್ಕೆ ಫೋನ್ ಮಾಡಿದ.

"ಆ ದಳ ಬೆಳಗ್ಗೇನೇ ಹೊರಟಾಯ್ತಲ್ಲ," ಎಂದಿತು ಯಾರದೋ ದನಿ.

"ಅವನಿಗೊಂದು ಮಾತು ಮುಟ್ಟಿಸ್ತೀರಾ, ಸ್ವಾಮಿ? ಸೇತುವೆ ಪಕ್ಕದ ಮನೆ..."

ಅತ್ತ ಕಡೆಯವನು ಅಷ್ಟರಲ್ಲೇ ಫೋನ್ ಇಟ್ಟಿದ್ದ.