ಕೀಲಿಗೆ ಬಿಟ್ಟ ಎಣ್ಣೆ

ಇದು ರೊಟ್ಟಿಯ ವಾಸನೆಯಲ್ಲ, ರೊಟ್ಟಿ ಹೆಂಚಿನಿಂದ ಇಂಥ ವಾಸನೆ ಈ ಮನೆಯಲ್ಲಿ ಎಂದೂ ಎದ್ದಿಲ್ಲ, ಸುಟ್ಟ ರಬ್ಬರಿನಂಥದು, ನಡುನಡುವೆ ಬಾಣಂತಿ ಕೋಣೆಯ ಹರಳೆಣ್ಣೆ ಘಾಟು, ಅದು ಹರಳೆಣ್ಣೆ ಅಂತ ಗೊತ್ತಿರುವುದು ಅತ್ತೆಗೆ ಮತ್ತು ನನಗೆ ಮಾತ್ರ — ಹೆಂಚಿನ ಮೇಲೆ ಬೈಕಿನ ಹಿಂದಿನ ಗಾಲಿಯ ಎರಡು ಬ್ರೇಕ್ ಲೈನರ್, ತೆಂಗಿನ ಹೋಳಿನಂತೆ ಬಾಗಿದ ಲೋಹ, ಅದರ ಬೆನ್ನಿಗೆ ಅಂಟಿಸಿದ ಕರಿಪಟ್ಟಿ, ಪಟ್ಟಿಯ ಮೇಲೆ ಎಣ್ಣೆ ಹನಿಹನಿಯಾಗಿ ಬೆವರುತ್ತಿದೆ, ಹಳೇ ಬನೀನಿನ ಚೂರಿನಿಂದ ಒರೆಸುತ್ತೇನೆ, ಮತ್ತೆ ಬೆವರುತ್ತದೆ. ಬೆಳಿಗ್ಗೆಯಿಂದ ಇದೇ ಕೆಲಸ. ಮೊದಲು ನಮ್ಮನೆಯವರು ಉಪ್ಪುಕಾಗದ ಹಾಕಿ ತಿಕ್ಕಿದರು, ಪೆಟ್ರೋಲಿನಲ್ಲಿ ತೊಳೆದರು, ಜೋಡಿಸಿ ನಿಟ್ಟುವಳ್ಳಿಯ ಓಣಿಯಲ್ಲಿ ಒಂದು ಸುತ್ತು ಹೊಡೆದು ಬಂದರು, ಬ್ರೇಕ್ ಹಿಡಿಯುತ್ತಿಲ್ಲ, ಮತ್ತೆ ಬಿಚ್ಚಿದರು, ಇನ್ನು ಹೆಂಚಿನ ಮೇಲೆ ಕಾಸಿ ಎಣ್ಣೆ ಬಿಡಿಸು ಅಂತ ನನ್ನ ಕೈಗೆ ಕೊಟ್ಟರು, ಕರೀಂ ಸಾಬರ ಗ್ಯಾರೇಜಿಗೆ ಬೀಗ, ಬಿಡಿಭಾಗದ ಅಂಗಡಿಗಳೆಲ್ಲ ನಿನ್ನೆ ಆಯುಧಪೂಜೆ ಮಾಡಿ ಬಾಗಿಲು ಹಾಕಿದವು ನಾಳೆಯೇ ತೆಗೆಯುವುದು, ಆ ಸಾಬಾನೇ ಹೋದ ಸಲ ಗ್ರೀಸ್ ಜಾಸ್ತಿ ತುಂಬ್ಯಾನೆ ನೋಡು, ಅದು ಇಳಿದು ಲೈನರಿಗೆ ಬಂದೈತೆ ಅಂತ ಅವರು ಬೈಯುತ್ತಿದ್ದಾಗ ನಾನು ನೆಲ ನೋಡುತ್ತಿದ್ದೆ, ಕಟ್ಟೆಯ ಮೇಲೆ ಅತ್ತೆ ವಿಭೂತಿ ಗಟ್ಟಿ ಕೈಯಲ್ಲಿ ಹಿಡಿದು ಕೂತಿದ್ದರು.

ಅತ್ತೆಗೆ ಅದು ಬೈಕಲ್ಲ, ಗಾಡಿ. ಅವರ ಊರು ಕಡರನಾಯಕನಹಳ್ಳಿಯಲ್ಲಿ ಮಾನವಮಿಗೆ ಎತ್ತಿನ ಗಾಡಿ ತೊಳೆದು, ಗಾಲಿ ಕಳಚಿ, ಅಚ್ಚಿಗೆ ಕೀಲೆಣ್ಣೆ ಹಚ್ಚುವುದು ಮನೆಯ ಹಿರಿಯ ಹೆಂಗಸಿನ ಕೆಲಸವಂತೆ, ನಿನ್ನೆ ಬೆಳಿಗ್ಗೆ, ಗಾಡಿಗೆ ಎಣ್ಣೆ ಕಾಣಿಸದೆ ಪೂಜೆ ಹೆಂಗಾತದೆ ದ್ರಾಕ್ಷಾಯಣಿ, ಆ ಹರಳೆಣ್ಣೆ ಗಿಂಡಿ ಕೊಡು ಇಲ್ಲಿ ಅಂದರು, ಒಲೆ ಮೇಲೆ ಹೋಳಿಗೆ ಇತ್ತು, ಗಿಂಡಿ ಕೊಟ್ಟು ಬಂದೆ, ಕಣ್ಣು ಮಂಜಾದ ಅತ್ತೆ ಬೆರಳಲ್ಲಿ ಹಿಂದಿನ ಗಾಲಿಯ ನಡುವನ್ನು, ಬ್ರೇಕ್ ಇರುವ ಜಾಗವನ್ನೇ, ತಡವಿ ತಡವಿ, ಕೂಸಿನ ನೆತ್ತಿಗೆ ಬಿಟ್ಟ ಹಾಗೆ ಬಿಟ್ಟರು, ಧಾರೆ ನಿಲ್ಲಿಸಲೇ ಇಲ್ಲ, ಕಿಟಕಿಯಿಂದ ನೋಡಿದೆ, ಇಷ್ಟೊಂದು ಯಾಕೆ ಅನ್ನಿಸಿತು, ಅಷ್ಟರಲ್ಲಿ ಹೋಳಿಗೆ ಸೀಯಿತು. ಈಗ ಹೇಳಿದರೆ ಇವರು ಅವ್ವಾ ನಿಂಗ್ಯಾಕೆ ಬೇಕಿತ್ತು ಅದು ಅಂತ ಓಣಿಗೆಲ್ಲ ಕೇಳುವಂತೆ ಕೂಗುತ್ತಾರೆ, ಹೋದ ವರ್ಷ ಹಾಲು ಉಕ್ಕಿಸಿದ್ದಕ್ಕೆ ಕೂಗಿದ ಮೇಲೆ ಅತ್ತೆ ಒಲೆಯ ಹತ್ತಿರ ಬರುವುದನ್ನೇ ಬಿಟ್ಟರು, ಇನ್ನು ಬಿಡುವುದಕ್ಕೆ ಅವರ ಹತ್ತಿರ ಏನು ಉಳಿದಿದೆ — ಒರೆಸು, ಮಗುಚು, ಒರೆಸು. ಎಷ್ಟು ಕುಡಿದಿದೆಯೋ ಇದು. ಹಪ್ಪಳ ಇಟ್ಟ ಕಾಗದ ಒಣಗಿತು ಅಂದುಕೊಂಡು ಎತ್ತಿಟ್ಟರೆ ಬಿಸಿಲಿಗೆ ಮತ್ತೆ ಮಿಂಚುವುದಿಲ್ಲವೇ, ಹಾಗೆ, ಇಲ್ಲಿ ಒಣಗಿದಂತೆ ಕಂಡದ್ದು ಇವತ್ತು ಹೋಗಬೇಕಾದ ಹರಿಹರದ ರಸ್ತೆಯಲ್ಲಿ ಬಿಸಿಯಾದರೆ ಮತ್ತೆ ಬೆವರುತ್ತದೆ.

ನಿನ್ನೆ ಸಂಜೆ ಹಾಗೇ ಆಯಿತು. ನಿಂಬೆಹಣ್ಣು ತುಳಿಸಿ, ಬಾರೇ ಒಂದು ಸುತ್ತು ಬರಾನ ಅಂದರು, ಚೆಂಡುಹೂವಿನ ಹಾರ ಹ್ಯಾಂಡಲ್ಲಿಗೆ ಬಡಿಯುತ್ತಿತ್ತು, ನಾನು ಒಂದು ಪಕ್ಕಕ್ಕೆ ಕೂತು ಅವರ ಹೆಗಲು ಹಿಡಿದಿದ್ದೆ, ನಮ್ಮೂರು ಜಿಲ್ಲೆ ಆತಲ್ಲ ಈಗ, ಲಾರಿ ಹೆಂಗೆ ಜಾಸ್ತಿ ಆಗ್ಯಾವೆ ನೋಡು ಅಂತ ಏನೇನೋ ಹೇಳುತ್ತಿದ್ದರು, ಮುಂದೆ ಕಬ್ಬಿಣದ ಸರಳು ಹೇರಿದ ಲಾರಿ, ಸರಳು ಹಿಂದಕ್ಕೆ ಉದ್ದಕ್ಕೆ ಚಾಚಿ, ತುದಿಗೆ ಕೆಂಪು ಬಟ್ಟೆ — ಲಾರಿ ನಿಂತಿತು, ನಾವು ನಿಲ್ಲಲಿಲ್ಲ, ಅವರು ಬ್ರೇಕ್ ತುಳಿದರು, ಮತ್ತೆ ತುಳಿದರು, ಮುಂದಿನ ಬ್ರೇಕಂತೂ ಮೊದಲಿಂದ ಹೆಸರಿಗಷ್ಟೇ, ಎರಡೂ ಕಾಲು ನೆಲಕ್ಕೆ ಊರಿ ಎಳೆದರು, ಚಪ್ಪಲಿ ಕಿತ್ತುಹೋಯಿತು, ಒಂದು ಸರಳು ಅವರ ಕಿವಿ ಪಕ್ಕದಿಂದ ಬಂದು ನನ್ನ ಮುಖದ ಮುಂದೆ ನಿಂತಿತು, ನಾವು ನಿಂತೆವೋ ಅದು ನಿಂತಿತೋ, ಬಟ್ಟೆ ನನ್ನ ಕೆನ್ನೆಗೆ ತಾಗಿತು, ಮೆತ್ತಗೆ, ಯಾವುದೋ ಮಗುವಿನ ಫ್ರಾಕು ಹರಿದದ್ದು, ಕೆಂಪಿನ ಮೇಲೆ ಸಣ್ಣ ಬಿಳಿ ಹೂವು. ಅವರು ನಕ್ಕರು. ಮನೆಯಾಗೆ ಹೇಳಬ್ಯಾಡ, ನಿರ್ಮಲ ಹೆದರ್ತಾಳೆ.

ಮಗಳು ನಿರ್ಮಲಳಿಗೆ ಈಗ ಐದು ತಿಂಗಳ ಬಸಿರು. ಹಬ್ಬಕ್ಕೆ ಬಂದವಳನ್ನು ಇವತ್ತು ಬನ್ನಿ ಕೊಡುವ ಹೊತ್ತಿಗೆ ಹರಿಹರಕ್ಕೆ ಮುಟ್ಟಿಸಬೇಕು, ಬೀಗರು ಕಾಯುತ್ತಿರುತ್ತಾರೆ, ಬಸ್ಸಿಗೆ ಹೋಗಲಿ ಅಂದೆ, ಎರಡು ಸಲ ಅಂದೆ, ಬಸ್ಸಿನಾಗೆ ಆಕಿಗೆ ವಾಂತಿ ಬರ್ತೈತೆ, ಮನೆಯಾಗೆ ಬೈಕ್ ಇಟ್ಕಂಡು ಬೀಗರ ಬಾಗಿಲಿಗೆ ನಡಿಸ್ಕಂಡು ಹೋಗಲಾ ಅಂದರು, ಆಕೆಯೂ ನಾನು ಅಪ್ಪಾಜಿ ಜೊತಿಗೇ ಹೋಗ್ತೀನಮ್ಮ, ಮೆಲ್ಲಕೆ ಹೊಡಿತಾರೆ ಬಿಡು ಅಂದಳು, ಮಗಳ ಮೇಲಿನ ಅಕ್ಕರೆ ಅವರದು ಸುಳ್ಳಲ್ಲ, ಅದಕ್ಕೇ ಎದುರು ಮಾತು ಸಿಗುವುದಿಲ್ಲ, ಇಪ್ಪತ್ತೈದು ವರ್ಷ ಎದುರು ಮಾತು ಹುಡುಕಿ ಹುಡುಕಿ ದಣಿದಿದ್ದೇನೆ, ಸಿಕ್ಕುವಷ್ಟರಲ್ಲಿ ಅವರು ಹೊರಟಿರುತ್ತಾರೆ. ಒಳಕೋಣೆಯಲ್ಲಿ ಈಗ ಬಳೆ ಸದ್ದು, ಸೀರೆ ಮಡಿಸುತ್ತಿದ್ದಾಳೆ. ಹಿಂದೆ ಕೂರುವವಳ ಮುಖ ಎಲ್ಲಿಗೆ ಬರುತ್ತದೆ ಅಂತ ನನಗೆ ಗೊತ್ತು, ಹೊಟ್ಟೆ ಎಲ್ಲಿಗೆ ಬರುತ್ತದೆ ಅಂತಲೂ.

ಆತೇನೇ, ಅಂಗಳದಿಂದ ಅವರ ದನಿ, ಇಲ್ಲ ಇನ್ನೂ ಬರ್ತೈತೆ ಅಂದೆ, ಒಂದೀಟು ಬಂದ್ರೆ ಏನಾಗಲ್ಲ ತಾ ಇತ್ಲಾಗೆ — ಹೆಂಚು ಕೆಂಪಗಾಗುವಷ್ಟು ಕಾದಿದೆ, ಒಂದು ಲೈನರಿನ ತುದಿಯಲ್ಲಿ ಕರಿಪಟ್ಟಿಗೂ ಲೋಹಕ್ಕೂ ನಡುವೆ ಕೂದಲೆಳೆಯಂಥ ಗೆರೆ, ಅಂಟು ಬಿಡುತ್ತಿದೆ, ಈಗ ಗ್ಯಾಸ್ ಆರಿಸಿದರೆ ಆ ಗೆರೆ ಮುಚ್ಚಿಕೊಳ್ಳುತ್ತದೆ, ಅವರಿಗೆ ಕಾಣುವುದಿಲ್ಲ, ಜೋಡಿಸುತ್ತಾರೆ, ನಿರ್ಮಲ ಹೆಗಲು ಹಿಡಿದು ಕೂರುತ್ತಾಳೆ, ನಾನು ಬಾಗಿಲಲ್ಲಿ ನಿಂತು ಹುಷಾರು ಅನ್ನುತ್ತೇನೆ, ಯಾವಾಗಲೂ ಅಂದ ಹಾಗೆ. ಗ್ಯಾಸ್ ಆರಿಸಲಿಲ್ಲ. ದೊಡ್ಡದು ಮಾಡಿದೆ. ಗೆರೆ ಅಗಲವಾಯಿತು, ಇಕ್ಕಳದಿಂದ ಹಿಡಿದು ಎತ್ತಿದೆ, ಪಟ್ಟಿ ಹುಣ್ಣಿನ ಹಕ್ಕಳೆಯಂತೆ ಬಿಟ್ಟು ಬಂತು, ಇನ್ನೊಂದನ್ನೂ ಎತ್ತಿದೆ, ಇನ್ನೆಲ್ಲಿಗೂ ಹೋಗುವುದಿಲ್ಲ ಇವು. ಬಾಗಿಲಲ್ಲಿ ಅತ್ತೆ ಗೋಡೆ ಹಿಡಿದು ನಿಂತಿದ್ದಾರೆ, ವಾಸನೆಗೇ ಬಂದಿರಬೇಕು, ಒಲೆಯ ಹತ್ತಿರ ಎಷ್ಟು ದಿನದ ಮೇಲೆ. ಎಣ್ಣೆ ನಂದೇ ಅಲ್ಲೇನವ್ವ, ಮೆಲ್ಲಗೆ ಕೇಳಿದರು. ಒಳಗೆ ಬಂದು ಕೂಡ್ರಿ ಅತ್ತೆ, ಅಂದೆ, ಆಮೇಲೆ ಅಂಗಳಕ್ಕೆ ಕೇಳುವಷ್ಟು ಗಟ್ಟಿಯಾಗಿ, ನನ್ನ ದನಿಯೇ ನನಗೆ ಹೊಸದು, ನಾ ಕಾಸಿ ಕೆಡಿಸಿದೆ ರೀ, ಎರಡೂ ಬಿಟ್ಟು ಬಂದ್ವು, ಬಸ್ಸಿಗೆ ಹೋಗ್ರಿ. ಅಂಗಳದಲ್ಲಿ ನಟ್ಟು ಬಿಚ್ಚುವ ಪಾನಾ ನೆಲಕ್ಕೆ ಬಿದ್ದ ಸದ್ದು. ಈಗ ಬರುತ್ತಾರೆ, ಕೂಗುತ್ತಾರೆ, ಕೂಗಲಿ, ಕೈಯಲ್ಲಿ ಇಕ್ಕಳ ಇನ್ನೂ ಬಿಸಿ, ಕೆನ್ನೆಗೆ ಏನೋ ತಾಗುತ್ತದೆ, ಮೆತ್ತಗೆ, ಒರೆಸಿಕೊಂಡರೂ ಹೋಗುವುದಿಲ್ಲ, ನಿನ್ನೆಯ ಸರಳಿನ ತುದಿಯಲ್ಲಿ ಅದು ಗಾಳಿಗೆ ಅಲುಗುತ್ತಿದೆ, ಕೆಂಪು ಬಟ್ಟೆ, ಕೆಂಪಿನ ಮೇಲೆ ಸಣ್ಣ ಬಿಳಿ ಹೂವು —